ಅತ್ತೆಯವರೂ ಮಕ್ಕಳೂ ನೀರಿಗಿಳಿಯಬಹುದಾದ ಕಡಲತೀರ

ಕಳೆದ ಡಿಸೆಂಬರ್ ರಜೆಯಲ್ಲಿ ನಾವು ಐದು ಜನ ಕರಾವಳಿಗೆ ಹೋಗಿಬಂದೆವು. ಎಪ್ಪತ್ತೊಂದು ವರ್ಷದ, ಮೊಣಕಾಲು ನೋವಿರುವ ನಮ್ಮ ಅತ್ತೆಯವರು, ನನ್ನ ಗಂಡ, ಒಂಬತ್ತು ವರ್ಷದ ಮಗ, ನಾಲ್ಕು ವರ್ಷದ ಮಗಳು ಮತ್ತು ನಾನು. ಉಲ್ಲಾಳದಿಂದ ಕಾರವಾರದವರೆಗೆ ಸುಮಾರು 320 ಕಿಲೋಮೀಟರ್ ಉದ್ದದ ಕಡಲಂಚು ನಮ್ಮ ರಾಜ್ಯಕ್ಕಿದೆ. ಅಷ್ಟುದ್ದಕ್ಕೂ ಚೆಲುವಿಗೆ ಕೊರತೆಯಿಲ್ಲ. ಆದರೆ ಚೆಲುವನ್ನೇ ನೋಡಿ ತೀರವನ್ನು ಆರಿಸುವುದು ಎಷ್ಟು ತಪ್ಪೆಂಬುದು ನನಗೆ ಮೂರು ವರ್ಷಗಳ ಹಿಂದೆಯೇ ಅರಿವಾಗಿತ್ತು.

ಆಗ ಒಂದು ಸೂರ್ಯಾಸ್ತದ ಚಿತ್ರವನ್ನು ನೋಡಿ ಮನಸೋತು ಒಂದು ತೀರಕ್ಕೆ ಹೋಗಿದ್ದೆವು. ಮಗನಿಗೆ ಆರು ವರ್ಷ. ನಾನು ಅವನ ಪಕ್ಕದಲ್ಲೇ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ನಿಂತಿದ್ದೆ. ನೀರು ಅವನ ಹಿಮ್ಮಡಿಯನ್ನಷ್ಟೇ ಮುಟ್ಟುತ್ತಿತ್ತು. ಮುಂದಿನ ಅಲೆ ದಡದ ಮೇಲೆಯೇ ಒಡೆದು ಅವನನ್ನು ಕೆಡವಿತು. ಹಿಂದಿರುಗುವ ನೀರು ಕಾಲಡಿಯ ಮರಳನ್ನೂ ಅವನನ್ನೂ ಸೇರಿಸಿ ಎಳೆದುಕೊಂಡು ಹೋಗುತ್ತಿದ್ದಾಗ, ಬಲೆ ಒಣಗಿಸುತ್ತಿದ್ದ ಮೀನುಗಾರರೊಬ್ಬರು ಓಡಿಬಂದು ಅವನ ತೋಳನ್ನು ಹಿಡಿದೆತ್ತಿದರು. "ಇಲ್ಲಿ ನೀರು ಎಳೀತದೆ ಅಮ್ಮ, ಮಕ್ಕಳನ್ನು ಇಳಿಸಬೇಡಿ" ಎಂದಷ್ಟೇ ಹೇಳಿ ಅವರು ತಮ್ಮ ಕೆಲಸಕ್ಕೆ ಮರಳಿದರು. ಆ ಒಂದು ಮಾತನ್ನು ನೀರಿಗಿಳಿಯುವ ಮುನ್ನವೇ ಹೋಗಿ ಅವರಲ್ಲಿ ಕೇಳಬೇಕಿತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ.

ಅಂದಿನಿಂದ ನಾನು ಮೊದಲು ನೋಡುವುದು ಮರಳನ್ನು. ಒರಟು, ದಪ್ಪ ಮರಳಿರುವ ಕಡೆ ದಂಡೆ ಕಡಿದಾಗಿ ಇಳಿಯುತ್ತದೆ. ಹಿಟ್ಟಿನಂತೆ ನುಣ್ಣಗಿನ ಮರಳಿರುವ ಕಡೆ ಇಳಿಜಾರು ಸಾಮಾನ್ಯವಾಗಿ ಮೆಲುವಾಗಿರುತ್ತದೆ. ಕಡಿದಾದ ದಂಡೆಗೆ ಬರುವ ಅಲೆ ತನ್ನ ಬಲವನ್ನೆಲ್ಲ ದಡದ ಅಂಚಿನವರೆಗೂ ಉಳಿಸಿಕೊಂಡು ಬಂದು ಅಲ್ಲಿಯೇ ಅಪ್ಪಳಿಸುತ್ತದೆ. ಸಪಾಟಾದ ದಂಡೆಯಲ್ಲಾದರೆ ಅದು ದೂರದಲ್ಲೇ ಒಡೆದು, ಮಕ್ಕಳ ಕಾಲಿಗೆ ತಲುಪುವ ಹೊತ್ತಿಗೆ ಬರಿಯ ನೊರೆಯಾಗಿರುತ್ತದೆ. ಆದ್ದರಿಂದ ಚಪ್ಪಲಿ ಬಿಚ್ಚುವ ಮೊದಲು ಹದಿನೈದು ನಿಮಿಷ ದಂಡೆಯ ಮೇಲೆ ಕುಳಿತು, ಬಿಳಿಯ ಸಾಲು ಎಲ್ಲಿ ಏಳುತ್ತಿದೆ ಎಂದು ನೋಡುವುದು ನಮ್ಮ ಮನೆಯ ರೂಢಿಯಾಗಿದೆ. ದೊಡ್ಡ ಅಲೆಗಳು ಗುಂಪುಗುಂಪಾಗಿ, ನಡುವೆ ಬಿಡುವು ಕೊಟ್ಟು ಬರುತ್ತವೆ. ಎರಡು ನಿಮಿಷ ಮಾತ್ರ ನೋಡಿದವರಿಗೆ ಆ ಬಿಡುವೇ ಕಡಲಿನ ನಿಜವಾದ ಮುಖವೆಂದು ತೋರುವ ಅಪಾಯವಿದೆ.

ಇನ್ನೊಂದು ಅಪಾಯ ನೋಟಕ್ಕೆ ಶಾಂತವಾಗಿಯೇ ಇರುತ್ತದೆ. ದಡಕ್ಕೆ ಬಂದ ನೀರು ಎಲ್ಲಾದರೂ ಹಿಂದಕ್ಕೆ ಹೋಗಲೇಬೇಕಲ್ಲವೇ? ನೀರಿನಡಿಯ ಮರಳುದಿಬ್ಬದಲ್ಲಿ ಒಂದು ಕಂಡಿ ಸಿಕ್ಕರೆ ಅದೆಲ್ಲವೂ ಅದರ ಮೂಲಕ ತೊರೆಯಂತೆ ವೇಗವಾಗಿ ಕಡಲಿನತ್ತ ಹರಿಯುತ್ತದೆ. ಇದನ್ನೇ ರಿಪ್ ಕರೆಂಟ್ ಎನ್ನುತ್ತಾರೆ. ಎರಡೂ ಬದಿಯಲ್ಲಿ ಅಲೆಗಳು ಒಡೆಯುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ನೊರೆಯಿಲ್ಲದೆ, ಗಾಢ ಬಣ್ಣದಲ್ಲಿ, ಸುಮ್ಮನಿರುವಂತೆ ಕಂಡರೆ, ಮಕ್ಕಳೊಂದಿಗೆ ಬಂದವರು ಅದೇ ಸುರಕ್ಷಿತ ಜಾಗವೆಂದು ಭಾವಿಸಿ ಅಲ್ಲಿಗೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕವರು ಗಾಬರಿಯಾಗದೆ ತೇಲಿಕೊಂಡು, ದಡ ಸೇರಲು ಸೆಳೆತದ ವಿರುದ್ಧ ಸೆಣಸದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಆದರೆ ನಾಲ್ಕು ವರ್ಷದ ಮಗುವಿಗೆ ಇದನ್ನು ಕಲಿಸಲಾಗುವುದಿಲ್ಲವಾದ್ದರಿಂದ, ಅಂತಹ ಜಾಗವನ್ನೇ ಬಿಟ್ಟುಬಿಡಬೇಕು. ನದಿ ಕಡಲನ್ನು ಸೇರುವ ಅಳಿವೆಯೂ ಅಷ್ಟೇ. ಇಳಿತದ ಹೊತ್ತಿನಲ್ಲಿ ನದಿಯ ನೀರೂ ಕಡಲ ನೀರೂ ಒಟ್ಟಾಗಿ ಹೊರಕ್ಕೆ ಧಾವಿಸುವ ಆ ಬಾಯಿಯ ಹತ್ತಿರ, ಅದೆಷ್ಟೇ ತಿಳಿಯಾಗಿ ಕಂಡರೂ, ಮಕ್ಕಳನ್ನು ನಾನು ಬಿಡುವುದಿಲ್ಲ.

ಇವನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಪಟ್ಟಿ ಮಾಡಲು ಕುಳಿತಾಗ ಮನಸ್ಸಿಗೆ ಹತ್ತಿರವಾದ ಹಲವು ಹೆಸರುಗಳನ್ನು ನಾವು ಕೈಬಿಡಬೇಕಾಯಿತು. ಗೋಕರ್ಣದ ಓಂ ಬೀಚಿಗೆ ಮೆಟ್ಟಿಲಿಳಿದು ಹೋಗಬೇಕು. ಹಾಫ್ ಮೂನ್, ಪ್ಯಾರಡೈಸ್ ತೀರಗಳಿಗೆ ಗುಡ್ಡದ ದಾರಿಯಲ್ಲಿ ನಡೆಯಬೇಕು, ಇಲ್ಲವೇ ದೋಣಿಯಲ್ಲಿ ಹೋಗಬೇಕು. ಅತ್ತೆಯವರಿಗೆ ಅದು ಸಾಧ್ಯವಿರಲಿಲ್ಲ. ಮರವಂತೆಯಲ್ಲಿ ಒಂದು ಪಕ್ಕ ಸೌಪರ್ಣಿಕಾ, ಇನ್ನೊಂದು ಪಕ್ಕ ಕಡಲು, ನಡುವೆ ರಾಷ್ಟ್ರೀಯ ಹೆದ್ದಾರಿ 66. ಆ ನೋಟಕ್ಕೆ ಸಾಟಿಯಿಲ್ಲ. ಆದರೆ ಕಾರಿನ ಬಾಗಿಲು ತೆರೆದೊಡನೆ ಓಡುವ ಮಗಳಿಗೆ ಹೆದ್ದಾರಿಯ ಅಂಚು ತಕ್ಕ ಜಾಗವಲ್ಲ. 1901ರಲ್ಲಿ ಕಟ್ಟಿದ ದೀಪಸ್ತಂಭವಿರುವ ಕಾಪು, ಬಂಡೆಗಳ ಕಾರಣದಿಂದ, ಸಂಜೆ ಕುಳಿತು ನೋಡುವುದಕ್ಕಷ್ಟೇ ನಮ್ಮ ಪಟ್ಟಿಯಲ್ಲಿ ಉಳಿಯಿತು.

ಕೊನೆಗೆ ಮೂರು ಸ್ಥಳಗಳನ್ನು ಆರಿಸಿದೆವು. ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿನಿಂದ ಹೊರಟು ಬೆಳಗಿನ ಜಾವ ಉಡುಪಿಯಲ್ಲಿ ಇಳಿದು, ಮೊದಲು ಪಡುಬಿದ್ರಿಗೆ ಹೋದೆವು. 2020ರ ಅಕ್ಟೋಬರಿನಲ್ಲಿ ಭಾರತದ ಎಂಟು ಕಡಲತೀರಗಳಿಗೆ ಮೊದಲ ಬಾರಿಗೆ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಾಗ, ನಮ್ಮ ಪಾಲಿಗೆ ಬಂದವು ಪಡುಬಿದ್ರಿ ಮತ್ತು ಹೊನ್ನಾವರದ ಬಳಿಯ ಕಾಸರಕೋಡು. ಡೆನ್ಮಾರ್ಕಿನ ಸಂಸ್ಥೆಯೊಂದು ನೀಡುವ ಈ ಮನ್ನಣೆಗೆ ನೀರಿನ ಶುದ್ಧತೆ, ಪರಿಸರ ನಿರ್ವಹಣೆ, ಪರಿಸರ ಶಿಕ್ಷಣ, ಸುರಕ್ಷತೆ ಮತ್ತು ಸೌಲಭ್ಯಗಳಿಗೆ ಸಂಬಂಧಿಸಿದ 33 ಮಾನದಂಡಗಳಿವೆ. ಇದರ ಹೆಸರನ್ನು ಪ್ರಚಾರಕ್ಕಾಗಿ ಬಳಸುವವರೇ ಹೆಚ್ಚು. ಆದರೆ ಮನೆಮಂದಿಯನ್ನು ಕರೆದುಕೊಂಡು ಹೋಗುವ ಹೆಂಗಸಿಗೆ ಅದರ ಅರ್ಥ ತೀರ ಸರಳವಾದುದು: ಶುಚಿಯಾದ ಶೌಚಾಲಯ, ಒದ್ದೆ ಬಟ್ಟೆ ಬದಲಾಯಿಸಲು ಬಾಗಿಲಿರುವ ಕೋಣೆ, ಉಪ್ಪುನೀರು ತೊಳೆದುಕೊಳ್ಳಲು ಸಿಹಿನೀರು, ಈಜಲು ಗುರುತಿಸಿದ ಜಾಗ ಮತ್ತು ಅಲ್ಲಿ ಕಾಯುವ ಜೀವರಕ್ಷಕರು. ಪ್ರವಾಸಗಳಲ್ಲಿ ಶೌಚಾಲಯವಿಲ್ಲವೆಂದು ನೀರು ಕುಡಿಯದೆ ದಿನವಿಡೀ ಬಾಯಾರಿ ಕುಳಿತಿರುತ್ತಿದ್ದ ಅತ್ತೆಯವರು, ಅಂದು ಎರಡು ಬೊಂಡ ಕುಡಿದರು. (ಕರಾವಳಿಯಲ್ಲಿ ಎಳನೀರಿಗೆ ಬೊಂಡ ಎನ್ನುತ್ತಾರೆ, ಬಜ್ಜಿ ಬೊಂಡವೆಂದು ಮಗ ಕಾದುಕೊಂಡಿದ್ದ.) ಈ ಮನ್ನಣೆ ಶಾಶ್ವತವಾದುದಲ್ಲ, ವರ್ಷವರ್ಷವೂ ನವೀಕರಿಸಬೇಕಾದದ್ದು. ಹೋಗುವವರು ಆ ವರ್ಷದ ಸ್ಥಿತಿಯನ್ನು ವಿಚಾರಿಸಿಕೊಳ್ಳುವುದು ಒಳಿತು.

ಮಲ್ಪೆಯ ದಂಡೆ ಅಗಲವಾಗಿದೆ, ಮೆಲುವಾಗಿದೆ. ಭಾನುವಾರ ಸಂಜೆಯ ಜನಜಂಗುಳಿಯಲ್ಲಿ ಮಗುವಿನ ಮೇಲೆ ಕಣ್ಣಿಡುವುದು ಕಷ್ಟವಾದ್ದರಿಂದ ನಾವು ಮಂಗಳವಾರ ಬೆಳಿಗ್ಗೆ ಹೋದೆವು. ಅಲ್ಲಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ನನ್ನ ಗಂಡ ಮತ್ತು ಮಗ ಮಾತ್ರ ಹೋದರು. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಲಾವಾ ತಣಿದು ಕಂಬಕಂಬಗಳಾಗಿ ನಿಂತಿರುವ ಬಂಡೆಗಳನ್ನು ಮಗ ಬೆರಗಿನಿಂದ ವರ್ಣಿಸಿದ. ಆದರೆ ದೋಣಿ ಹತ್ತಿ ಇಳಿಯುವುದು, ಬಂಡೆಗಳ ನಡುವೆ ನಡೆಯುವುದು ಮೊಣಕಾಲು ನೋವಿನವರಿಗೂ ಪುಟ್ಟ ಮಕ್ಕಳಿಗೂ ಆಗುವಂಥದ್ದಲ್ಲ. ಅಲ್ಲಿಗೆ ಹೋಗುವುದು ನೋಡುವುದಕ್ಕಾಗಿ ಇರಲಿ, ಈಜುವುದಕ್ಕಾಗಿ ಬೇಡ.

ಋತುವಿನ ವಿಷಯದಲ್ಲಿ ನನಗೆ ಯಾವ ರಾಜಿಯೂ ಇಲ್ಲ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ. ಮೀನಿನ ಸಂತಾನಕ್ಕಾಗಿ ಮಾಡಿದ ನಿಯಮವದು. ಆದರೆ ಮಳೆಗಾಲದ ಆ ಕಡಲು ಎಂಥದೆಂದು ಹುಟ್ಟಿನಿಂದ ಅದನ್ನೇ ನಂಬಿದ ಮೊಗವೀರರನ್ನು ಕೇಳಿದರೆ ತಿಳಿಯುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಅಲೆಗಳು ತಗ್ಗಿರುತ್ತವೆ. ಆಗಲೂ ಬೆಳಗಿನ ಹೊತ್ತೇ ವಾಸಿ. ರಾತ್ರಿಯಿಡೀ ನೆಲದಿಂದ ಕಡಲಿನತ್ತ ಬೀಸುವ ಗಾಳಿಯಿಂದ ಬೆಳಿಗ್ಗೆ ನೀರು ನಯವಾಗಿರುತ್ತದೆ. ಮಧ್ಯಾಹ್ನ ನೆಲ ಕಾದಮೇಲೆ ಗಾಳಿ ತಿರುಗಿ, ಕಡಲಿನಿಂದ ದಡಕ್ಕೆ ಬೀಸತೊಡಗಿ ಅಲೆಗಳನ್ನು ಕೆದಕುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರವಿಳಿತದ ಅಂತರ ದೊಡ್ಡದಾಗಿರುವುದರಿಂದ, ಆ ದಿನಗಳನ್ನು ಬಿಟ್ಟು ನಾವು ಟಿಕೆಟ್ ಮಾಡಿಸಿದ್ದೆವು.

ಕಾಸರಕೋಡಿನಲ್ಲಿ ಎರಡು ದಿನವಿದ್ದೆವು. ಬೆಳಿಗ್ಗೆ ಏಳರಿಂದ ಹತ್ತರವರೆಗೆ ನೀರು, ಆಮೇಲೆ ಗಾಳಿಮರಗಳ ನೆರಳು. ನೀರಿನಲ್ಲಿರುವಾಗ ದೊಡ್ಡವರಲ್ಲಿ ಒಬ್ಬರು ಯಾವಾಗಲೂ ಮಕ್ಕಳಿಗಿಂತ ಕಡಲಿನ ಕಡೆಗೆ, ಮುಖ ದಡದತ್ತ ಮಾಡಿ ನಿಲ್ಲುತ್ತಿದ್ದೆವು. ಇನ್ನೊಬ್ಬರು ದಡದಲ್ಲಿ ಕಡಲಿನತ್ತ ಮುಖ ಮಾಡಿ, ಬರುವ ಅಲೆಯನ್ನು ನೋಡಿ ಕೂಗಿ ಹೇಳುತ್ತಿದ್ದರು. ಫೋನುಗಳು ಚೀಲದಲ್ಲಿರುತ್ತಿದ್ದವು. ಎರಡನೆಯ ದಿನ ಅತ್ತೆಯವರು ಸೀರೆಯನ್ನು ತುಸು ಎತ್ತಿಕೊಂಡು, ನನ್ನ ಹೆಗಲು ಹಿಡಿದು ಕಣಕಾಲು ಮುಳುಗುವವರೆಗೆ ಇಳಿದು, ನೊರೆ ಬಂದುಹೋಗುವುದನ್ನು ಎಣಿಸುತ್ತಾ ಅರ್ಧ ಗಂಟೆ ನಿಂತರು. ಮಧ್ಯಾಹ್ನ ಗಾಳಿ ಎದ್ದಮೇಲೆ, ಶರಾವತಿಯ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಹಾಕಿರುವ ಹಲಗೆಯ ಹಾದಿಯಲ್ಲಿ, ಅವರ ನಡಿಗೆಗೆ ಹೊಂದಿಕೊಂಡು, ನಾವೆಲ್ಲರೂ ನಿಧಾನವಾಗಿ ನಡೆದೆವು.