ಮೆಲ್ಬರ್ನ್‌ನಲ್ಲಿ ಕಂಡ ಮದ್ದಿನ ಹೂಗಳು

ಕೊಡಗಿನವರಿಗೆ ಕೋವಿ ಮದ್ದಿನ ವಾಸನೆ ಹೊಸದೇನಲ್ಲ. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಹುತ್ತರಿ ರಾತ್ರಿ ಗದ್ದೆಯಲ್ಲಿ ಕದಿರು ತೆಗೆಯುವಾಗ ಕೋವಿ ಸದ್ದು ಆಗಲೇಬೇಕು. ಕೈಲ್ ಮುಹೂರ್ತದ ದಿನ ಕೋವಿಯನ್ನು ಒರೆಸಿ, ಗಂಧ ಹಚ್ಚಿ, ನಳಿಗೆಗೆ ತೋಕ್ ಪೂ ಸಿಕ್ಕಿಸುತ್ತೇವೆ. ಬೇರೆ ಕಡೆಯವರು ಅಗ್ನಿಶಿಖೆ ಅಂತಾರಲ್ಲ, ಅದೇ ಕೆಂಪು ಹಳದಿ ಹೂ. ಮಳೆಗಾಲದಲ್ಲಿ ಬೇಲಿ ಮೇಲೆ ತಾನಾಗಿ ಹಬ್ಬಿ ಅರಳುತ್ತದೆ.

ಆದರೆ ಇದೇ ಮದ್ದು ಸಿಡಿಸಿ ಹೂವಿನ ಚಿತ್ರ ಮಾಡುವವರೂ ಇದ್ದಾರೆ ಅಂತ ನನಗೆ ಗೊತ್ತಾಗಿದ್ದು ಮೆಲ್ಬರ್ನ್‌ಗೆ ಬಂದ ಮೇಲೆ. ಊರಿನವರಿಗೆ ಹೇಳಲೇಬೇಕು ಅಂತ ಅವತ್ತಿನಿಂದ ಅಂದುಕೊಳ್ಳುತ್ತಿದ್ದೇನೆ.

2019ರ ಚಳಿಗಾಲ. ಇಲ್ಲಿ ಚಳಿ ಅಂದರೆ ಜೂನ್, ಜುಲೈ. ಮಗಳ ಬಾಣಂತನಕ್ಕೆ ಅಂತ ಅತ್ತೆ ಬಂದಿದ್ದರು, ಜೊತೆಗೆ ಮಾವನೂ. ಮಾವ ಸೇನೆಯಲ್ಲಿ ಇದ್ದವರು, ಈಗ ಮೂರ್ನಾಡು ಕಡೆ ಕಾಫಿ ತೋಟ ನೋಡಿಕೊಳ್ಳುತ್ತಾರೆ. ಬಾಣಂತಿ ಮನೆಯಲ್ಲಿ ಗಂಡಸರಿಗೆ ಏನು ಕೆಲಸ? ಪಾಪ, ಬೇಜಾರಾಗಿ ಕೂತಿದ್ದರು. ಆಗ ಇಲ್ಲಿನ ನ್ಯಾಷನಲ್ ಗ್ಯಾಲರಿ ಆಫ್ ವಿಕ್ಟೋರಿಯಾದಲ್ಲಿ ಚೀನಾದ ಮಣ್ಣಿನ ಸೈನಿಕರ ಪ್ರದರ್ಶನ ನಡೆಯುತ್ತಿತ್ತು. ಎರಡು ಸಾವಿರ ವರ್ಷಕ್ಕೂ ಹಿಂದೆ ಚೀನಾದ ಮೊದಲ ಚಕ್ರವರ್ತಿಯ ಸಮಾಧಿಗೆ ಕಾವಲಾಗಿ ಹೂಳಿದ ಸೈನಿಕರು. "ಸೈನಿಕರಾ? ಹಾಗಾದ್ರೆ ನಡಿ" ಅಂತ ಮಾವ ಜಾಕೆಟ್ ಹಾಕಿಕೊಂಡೇಬಿಟ್ಟರು.

ಸೈನಿಕರನ್ನು ನೋಡಿದೆವು. ಮಾವ ಒಬ್ಬೊಬ್ಬರ ನಿಲುವನ್ನೂ ಪರೀಕ್ಷೆ ಮಾಡಿ, ಚೆನ್ನಾಗಿ ನಿಂತಿದ್ದಾರೆ ಅಂತ ಸರ್ಟಿಫಿಕೇಟ್ ಕೊಟ್ಟರು. ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅದರ ಜೊತೆಗೇ ಇದ್ದ ಇನ್ನೊಂದು ಪ್ರದರ್ಶನ. ಈ ಕಾಲದ ಚೀನೀ ಕಲಾವಿದ ತ್ಸಾಯ್ ಗುವೋ-ಚಿಯಾಂಗ್ ಅವರದು.

ತಲೆ ಎತ್ತಿದರೆ ಹಕ್ಕಿಗಳು. ಪಿಂಗಾಣಿಯಲ್ಲಿ ಮಾಡಿ, ಮದ್ದಿನಿಂದ ಕಪ್ಪಾಗಿಸಿದ 10,000 ಹಕ್ಕಿಗಳನ್ನು ದಾರದಲ್ಲಿ ಇಳಿಬಿಟ್ಟಿದ್ದರು. ಹತ್ತಿರದಿಂದ ಒಂದೊಂದೂ ಬೇರೆ ಬೇರೆ ಹಕ್ಕಿ. ದೂರ ಹೋಗಿ ನಿಂತರೆ ಎಲ್ಲ ಸೇರಿ ಒಂದು ಬೆಟ್ಟದ ಸಾಲು. ಆ ಚಕ್ರವರ್ತಿಯ ಸಮಾಧಿ ಇರುವ ಲಿ ಬೆಟ್ಟ ಅದು. ಮಾವ ಬಹಳ ಹೊತ್ತು ಮೇಲೆ ನೋಡಿದರು. ಗದ್ದೆಗೆ ಗಿಳಿ ಹಿಂಡು ಇಳಿಯುವುದನ್ನು ನೋಡಿದವರಿಗೆ ಅಲ್ಲಿಂದ ಬೇಗ ಕಾಲು ಕೀಳೋಕೆ ಆಗುವುದಿಲ್ಲ.

ಇನ್ನೊಂದು ಕೋಣೆಯಲ್ಲಿ ಸುತ್ತಲೂ ರೇಷ್ಮೆ ಬಟ್ಟೆ ಕಟ್ಟಿ ಅದರ ಮೇಲೆ ಪಿಯೋನಿ ಹೂಗಳು. ಪಿಯೋನಿ ಅಂದರೆ ಚೀನಾದವರಿಗೆ ಬಹಳ ಪ್ರೀತಿಯ ಹೂ, ದೊಡ್ಡದಾಗಿ, ಎಸಳು ತುಂಬಿಕೊಂಡು ಅರಳುತ್ತದೆ. ಮೊಗ್ಗು, ಅರಳಿದ್ದು, ಬಾಡಿದ್ದು, ಕೊಳೆತದ್ದು ಎಲ್ಲವೂ ಸಾಲಾಗಿ. ಬಣ್ಣ, ಕುಂಚದಿಂದ ಬರೆದದ್ದಲ್ಲ, ಮದ್ದು ಸಿಡಿಸಿ ಮೂಡಿಸಿದ್ದು. ಹತ್ತಿರ ಹೋಗಿ ನೋಡಿದೆ. ಎಸಳಿನ ನಡುವೆ ಕಡುಕಪ್ಪು. ಅಂಚಿಗೆ ಬರುತ್ತಾ ಕಂದು, ಆಮೇಲೆ ತೆಳು ಹಳದಿ, ಆಮೇಲೆ ಬರೀ ಹೊಗೆಯ ಗುರುತು. ಅಲ್ಲಲ್ಲಿ ಕಿಡಿ ತಾಗಿದ ಸಣ್ಣ ಚುಕ್ಕೆಗಳು.

ಮಾವ ಮೆಲ್ಲಗೆ ಹೇಳಿದರು, "ನೋಡು, ನಳಿಗೆ ಒರೆಸಿದ ಬಟ್ಟೆ ಹಿಂಗೇ ಇರುತ್ತಲ್ವಾ?"

ಹೌದು, ಥೇಟ್ ಹಾಗೇ. ಕೇಪಿನ ಕೋವಿ ಇರುವ ಮನೆಯಲ್ಲಿ ಬೆಳೆದವರಿಗೆ ಆ ಬಟ್ಟೆ ಗೊತ್ತು. ಗುಂಡು ಹೊಡೆದ ಮೇಲೆ ಸಲಾಕೆ ತುದಿಗೆ ಬಟ್ಟೆ ಸುತ್ತಿ ನಳಿಗೆಯೊಳಗೆ ತಿರುಗಿಸಿ ಎಳೆದರೆ ಬರುವ ಬಣ್ಣ ಅದು. ಅಲ್ಲಿದ್ದ ಅಷ್ಟೂ ಜನರಲ್ಲಿ ಆ ಬಣ್ಣವನ್ನು ಮೂಗಿನಿಂದಲೂ ಗುರುತಿಸಬಲ್ಲವರು ನಾವೇ ಇರಬೇಕು ಅಂತ ನನಗೆ ಹೆಮ್ಮೆ ಆಯಿತು.

ಆ ಬಣ್ಣ ಬರುವುದು ಹೇಗೆ ಅಂತ ಆಮೇಲೆ ಓದಿಕೊಂಡೆ. ಕರಿ ಮದ್ದಿನಲ್ಲಿ ಸಾಮಾನ್ಯವಾಗಿ 75 ಪಾಲು ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), 15 ಪಾಲು ಇದ್ದಿಲು, 10 ಪಾಲು ಗಂಧಕ. ಉರಿಯಲು ಬೇಕಾದ ಆಮ್ಲಜನಕವನ್ನು ಪೆಟ್ಲುಪ್ಪೇ ಕೊಡುತ್ತದೆ. ಹಾಗಾಗಿ ಮುಚ್ಚಿಟ್ಟರೂ ಮದ್ದು ಉರಿಯುತ್ತದೆ. ಇದ್ದಿಲು ಕಪ್ಪು ಬಿಡುತ್ತದೆ, ಗಂಧಕ ಹಳದಿ ಬಿಡುತ್ತದೆ. ತ್ಸಾಯ್ ಅವರ ಇಡೀ ಕೆಲಸ ನಿಂತಿರುವುದು ಈ ಗುಣದ ಮೇಲೆ.

ಅವರು ಮಾಡುವ ರೀತಿ ಹೀಗೆ. ನೆಲದ ಮೇಲೆ ಕಾಗದವನ್ನೋ ಕ್ಯಾನ್ವಾಸನ್ನೋ ರೇಷ್ಮೆಯನ್ನೋ ಹಾಸುತ್ತಾರೆ. ರಟ್ಟಿನಲ್ಲಿ ಎಲೆ, ಹೂ, ಹಕ್ಕಿಯ ಆಕಾರ ಕತ್ತರಿಸಿ ಇಡುತ್ತಾರೆ. ಆಮೇಲೆ ಬೆರಳ ಸಂದಿಯಿಂದ ಮದ್ದು ಉದುರಿಸುತ್ತಾ ಹೋಗುತ್ತಾರೆ, ಒಂದು ಕಡೆ ನುಣ್ಣನೆ ಪುಡಿ, ಇನ್ನೊಂದು ಕಡೆ ದಪ್ಪ ಕಾಳು. ಬತ್ತಿ ಎಳೆದು, ಮೇಲೆ ರಟ್ಟು ಮುಚ್ಚಿ, ಅದರ ಮೇಲೆ ಕಲ್ಲು, ಇಟ್ಟಿಗೆ ಹೇರುತ್ತಾರೆ. ಭಾರ ಜಾಸ್ತಿ ಇದ್ದಲ್ಲಿ ಗೆರೆ ಬಿಗಿಯಾಗಿ ಬರುತ್ತದೆ. ಕಮ್ಮಿ ಇದ್ದಲ್ಲಿ ಹೊಗೆ ಪಕ್ಕಕ್ಕೆ ನುಗ್ಗಿ ಅಂಚು ಮೆತ್ತಗಾಗುತ್ತದೆ. ಕೊನೆಗೆ ಬತ್ತಿಗೆ ಕಿಡಿ ತಾಗಿಸುತ್ತಾರೆ. ಢಂ ಅಂತ ಕೆಲವೇ ಸೆಕೆಂಡು. ಹೊಗೆಯ ಮಧ್ಯೆ ಸಹಾಯಕರು ಬಟ್ಟೆ ಹಿಡಿದು ಓಡಿ ಬಂದು ಉಳಿದ ಕಿಡಿಗಳನ್ನು ಒತ್ತಿ ಒತ್ತಿ ಆರಿಸುತ್ತಾರೆ. ರಟ್ಟು ಎತ್ತುವ ತನಕ ಏನು ಮೂಡಿದೆ ಅಂತ ಮಾಡಿದವರಿಗೂ ಗೊತ್ತಿರುವುದಿಲ್ಲ.

ಅಲ್ಲೇ ನನಗೆ ಈ ಕಲೆ ಇಷ್ಟವಾಗಿದ್ದು. ಕುಂಚ ಹಿಡಿದವನು ಹೂವನ್ನು ನೋಡಿ ಹೂವಿನ ಹಾಗೆ ಬರೆಯುತ್ತಾನೆ. ಇಲ್ಲಿ ಅರ್ಧ ಕೆಲಸ ಮನುಷ್ಯನದು, ಉಳಿದರ್ಧ ಗಾಳಿ, ತೇವ, ಬೆಂಕಿ ಇವುಗಳದು. ಗಿಡ ನೆಟ್ಟು, ಗೊಬ್ಬರ ಹಾಕಿ, ಹೂ ಅರಳಿಸುವ ಮಾರ್ಚ್ ತಿಂಗಳ ಮಳೆಗೆ ಕಾಯುವ ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ತ್ಸಾಯ್ ಹುಟ್ಟಿದ್ದು 1957ರಲ್ಲಿ, ಚೀನಾದ ಫುಜಿಯಾನ್ ಪ್ರಾಂತ್ಯದ ಚುವಾನ್‌ಝೌ ಎಂಬ ಬಂದರು ಊರಿನಲ್ಲಿ. ಮದುವೆ, ಹಬ್ಬ, ಸಾವು ಎಲ್ಲಕ್ಕೂ ಪಟಾಕಿ ಹೊಡೆಯುವ ಸೀಮೆ ಅದು. ತಂದೆ ಅಕ್ಷರ ಬರೆಯುವ, ಚಿತ್ರ ಬಿಡಿಸುವ ಕಲಾವಿದರು. ಮಗ ಶಾಂಘೈಯಲ್ಲಿ ರಂಗವಿನ್ಯಾಸ ಕಲಿತರು. ಮದ್ದಿನ ಪ್ರಯೋಗ ಶುರು ಮಾಡಿದ್ದು 1980ರ ದಶಕದಲ್ಲಿ, ಊರಿನಲ್ಲೇ. ಒಮ್ಮೆ ಕ್ಯಾನ್ವಾಸ್ ಹೊತ್ತಿಕೊಂಡಾಗ ಅಜ್ಜಿ ಬಟ್ಟೆ ತಂದು ಮುಚ್ಚಿ ಆರಿಸಿದರಂತೆ. ಬೆಂಕಿ ಹಚ್ಚುವುದಕ್ಕಿಂತ ಆರಿಸುವುದು ಗೊತ್ತಿರಬೇಕು ಅಂತ ಅಜ್ಜಿಯಿಂದ ಕಲಿತಿದ್ದಾಗಿ ಅವರು ಹೇಳಿಕೊಂಡಿದ್ದಾರೆ. 1986ರಿಂದ 1995ರವರೆಗೆ ಜಪಾನ್, ಆಮೇಲೆ ನ್ಯೂಯಾರ್ಕ್. ಅವರದೂ ಹೊರನಾಡ ಬದುಕೇ.

ಅವರ ಹೆಸರು ಜಗತ್ತಿಗೆ ಗೊತ್ತಾಗಿದ್ದು ಆಕಾಶದ ಕೆಲಸಗಳಿಂದ. 2008ರ ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಬಾಣಬಿರುಸಿನ ಹೆಜ್ಜೆಗುರುತು ಮೂಡಿತ್ತಲ್ಲ, ಅದು ಅವರದೇ. ನನಗೆ ಅದು ಅಷ್ಟು ರುಚಿಸಲಿಲ್ಲ. ಸರ್ಕಾರಿ ಜಾತ್ರೆಯ ಅಬ್ಬರ ಜಾಸ್ತಿ. ಆದರೆ 2015ರ ಜೂನ್‌ನಲ್ಲಿ ತಮ್ಮೂರ ಹತ್ತಿರದ ದ್ವೀಪವೊಂದರಲ್ಲಿ ಬೆಳಗಿನ ಜಾವ ಅವರು ಹಚ್ಚಿದ ಬೆಂಕಿಯ ಏಣಿ ಇದೆಯಲ್ಲ, ಅದರ ವಿಡಿಯೋ ನೋಡಿದರೆ ಗಂಟಲು ಕಟ್ಟುತ್ತದೆ. ದೊಡ್ಡ ಹೀಲಿಯಂ ಬಲೂನಿಗೆ 500 ಮೀಟರ್ ಉದ್ದದ ಏಣಿ ಕಟ್ಟಿ, ಕೆಳಗಿನಿಂದ ಹಚ್ಚಿ, ಮೆಟ್ಟಿಲು ಮೆಟ್ಟಿಲಾಗಿ ಉರಿ ಮೇಲೇರುವ ಹಾಗೆ ಮಾಡಿದ್ದರು. 1994ರಲ್ಲಿ ಇಂಗ್ಲೆಂಡಿನ ಬಾತ್, 2001ರಲ್ಲಿ ಶಾಂಘೈ, 2012ರಲ್ಲಿ ಲಾಸ್ ಏಂಜಲೀಸ್, ಎಲ್ಲ ಕಡೆ ಅದು ಕೈಗೂಡಿರಲಿಲ್ಲ. ಈ ಸಲ ಮಾಡಿದ್ದು 100 ವರ್ಷದ ಅಜ್ಜಿಗೋಸ್ಕರ. ಅಜ್ಜಿ ಅದನ್ನು ಫೋನಿನಲ್ಲಿ ನೋಡಿದರು. ತಿಂಗಳ ನಂತರ ತೀರಿಕೊಂಡರು.

ಕಳೆದ ಕೆಲವು ವರ್ಷಗಳಲ್ಲಿ ಅವರ ಮನಸ್ಸು ಗಿಡ, ಹೂ, ಋತುಗಳ ಕಡೆ ತಿರುಗಿದೆ. 2014ರಲ್ಲಿ ನಾಲ್ಕು ಋತುಗಳನ್ನು ಪಿಂಗಾಣಿ ಹಲಗೆಗಳ ಮೇಲೆ ಮದ್ದಿನಿಂದ ಮೂಡಿಸಿದರು. 2015ರಲ್ಲಿ ಜಪಾನಿನ ಯೊಕೊಹಾಮಾದಲ್ಲಿ 24 ಮೀಟರ್ ಅಗಲದ, ರಾತ್ರಿ ಹೊತ್ತಿನ ಚೆರಿ ಹೂಗಳ ಚಿತ್ರ ಮಾಡಿದರು. 2018ರಲ್ಲಿ ಇಟಲಿಯ ಫ್ಲಾರೆನ್ಸ್ ಮೇಲೆ ಹಗಲಲ್ಲೇ ಬಣ್ಣದ ಹೊಗೆಯ ಹೂ ಅರಳಿಸಿದರು. ಅವರ ಪೂರ್ತಿ ಪಟ್ಟಿ ಕೊಡುತ್ತಾ ಕೂತರೆ ಇವತ್ತು ಮುಗಿಯುವುದಿಲ್ಲ.

ಇಲ್ಲಿ ವಿಕ್ಟೋರಿಯಾ ರಾಜ್ಯದಲ್ಲಿ ಲೈಸೆನ್ಸ್ ಇಲ್ಲದೆ ಪಟಾಕಿ ಹೊಡೆಯುವ ಹಾಗಿಲ್ಲ. ಬೇಸಿಗೆಯಲ್ಲಿ ಗಾಳಿ ಬಿಸಿಯಾದ ದಿನ ಬಯಲಿನಲ್ಲಿ ಒಲೆ ಹಚ್ಚುವುದಕ್ಕೂ ನಿಷೇಧ. ಮೊದಲು ನನಗೆ ಅತಿಯಾಯ್ತು ಅನ್ನಿಸುತ್ತಿತ್ತು. 2019ರ ಕೊನೆಗೆ ಕಾಡ್ಗಿಚ್ಚು ಬಂದು, ಮಧ್ಯಾಹ್ನವೇ ಆಕಾಶ ಕೆಂಪಾದ ಊರುಗಳ ಚಿತ್ರ ನೋಡಿದ ಮೇಲೆ ಆ ಮಾತು ಎತ್ತಿಲ್ಲ. ಆದರೆ ಇದೇ ನೆಲದಲ್ಲಿ ಬ್ಯಾಂಕ್ಸಿಯಾ ಅನ್ನುವ ಗಿಡ ಇದೆ. ಅದರ ಕೆಲವು ಜಾತಿಗಳ ಕಾಯಿ ಬೆಂಕಿ ತಾಗಿದ ಮೇಲೇ ಬಾಯಿ ಬಿಡುವುದು, ಬೀಜ ಬೀಳುವುದು. ಬೆಂಕಿ ಒಳ್ಳೆಯದೋ ಕೆಟ್ಟದ್ದೋ ಅಂತ ಸುಮ್ನೆ ಹೇಳಿಬಿಡೋಕೆ ಆಗುವುದಿಲ್ಲ. ಎಲ್ಲಿ, ಎಷ್ಟು, ಆರಿಸುವವರು ಯಾರು, ಇದನ್ನೆಲ್ಲ ಕೇಳಬೇಕು.

2025ರ ಸೆಪ್ಟೆಂಬರ್‌ನಲ್ಲಿ ಕೈಲ್ ಮುಹೂರ್ತಕ್ಕೆ ಅಂತ ಊರಿಗೆ ಬಂದಿದ್ದೆ. ಹಬ್ಬದ ದಿನ ಊಟ ಆಗಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವೂ ಮುಗಿದು, ಎಲ್ಲರೂ ಜಗಲಿಯಲ್ಲಿ ಕೂತಿದ್ದಾಗ ಆ ಏಣಿಯ ವಿಡಿಯೋ ತೋರಿಸಿದೆ. ತೋಟದ ಕೆಲಸ ನೋಡಿಕೊಳ್ಳುವ ಅಣ್ಣ ಒಬ್ಬರು ಎರಡು ಸಲ ಹಾಕಿಸಿ ನೋಡಿದರು. "ನಾವು ರಾತ್ರಿಯಿಡೀ ಆನೆ ಓಡಿಸೋಕೆ ಪಟಾಕಿ ಹೊಡೀತೀವಿ. ಒಂದು ದಿನಾನೂ ಅದರ ಬೆಳಕನ್ನ ಹಿಂಗೆ ನೋಡಿಲ್ಲ ಅಕ್ಕ" ಅಂದರು. ಸಿದ್ದಾಪುರ, ಪಾಲಿಬೆಟ್ಟ ಕಡೆಯವರಿಗೆ ಆ ಮಾತಿನ ಆಯಾಸ ಅರ್ಥವಾಗುತ್ತದೆ.

ನಾನು ಇನ್ನೂ ಊರಲ್ಲೇ ಇದ್ದೆ, ಅಷ್ಟರಲ್ಲಿ ಟಿಬೆಟ್‌ನ ಸುದ್ದಿ ಬಂತು. ಸೆಪ್ಟೆಂಬರ್ 19ರಂದು ಅಲ್ಲಿನ ಶಿಗಾತ್ಸೆ ಪ್ರದೇಶದ ಹಿಮಾಲಯದ ಬೆಟ್ಟದ ನೆತ್ತಿಯ ಉದ್ದಕ್ಕೂ ತ್ಸಾಯ್ ಬಾಣಬಿರುಸು ಸಿಡಿಸಿ ಡ್ರ್ಯಾಗನ್ ಆಕಾರ ಮಾಡಿದ್ದರು. ಬಟ್ಟೆ ಕಂಪನಿಯೊಂದರ ಪ್ರಾಯೋಜಕತ್ವ. ಮಣ್ಣಲ್ಲಿ ಕರಗುವ ಸಾಮಾನು ಬಳಸಿದ್ದೇವೆ ಅಂದರು. ಜನ ಒಪ್ಪಲಿಲ್ಲ. ಅಷ್ಟು ಎತ್ತರದಲ್ಲಿ ಒಂದು ಹಿಡಿ ಹುಲ್ಲು ಬೇರು ಬಿಡುವುದೇ ಕಷ್ಟ, ಪ್ರಾಣಿ ಪಕ್ಷಿಗಳ ಗತಿ ಏನು ಅಂತ ಚೀನಾದಲ್ಲೇ ದೊಡ್ಡ ಗಲಾಟೆ ಆಯಿತು. ತ್ಸಾಯ್ ಕ್ಷಮೆ ಕೇಳಿದರು, ಕಂಪನಿಯೂ ಕೇಳಿತು. ಅಲ್ಲಿನ ಆಡಳಿತ ತನಿಖೆಗೆ ಇಳಿಯಿತು.

ಮಾವನಿಗೆ ಆ ವಿಡಿಯೋ ತೋರಿಸಿದೆ. ಅವರ ಮುಖ ಬಿಗಿಯಾಯಿತು. "ಬೆಟ್ಟಕ್ಕೆ ಮದ್ದಿಡೋಕೆ ಯಾರು ಬಿಟ್ರು ಇವನಿಗೆ?" ಅಂತ ಕೇಳಿದರು. 2018ರ ಆಗಸ್ಟ್ ನೋಡಿದವರು ಅವರು. ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ತೋಟದ ಸಮೇತ ಕೆಳಗೆ ಬಂದಾಗ ನೆಂಟರನ್ನು ಕರೆತರಲು ಹೋಗಿದ್ದವರು. ಬೆಟ್ಟ ಅಂದರೆ ಅವರಿಗೆ ಹಿಂದಿನ ಪರದೆ ಅಲ್ಲ.

ನನಗೂ ಬೇಸರವಾಯಿತು. ಇಷ್ಟಪಟ್ಟ ಕಲಾವಿದನ ಮೇಲೆ ಬರುವ ಬೇಸರ ಬೇರೆ ತರದ್ದು. ಮೆಲ್ಬರ್ನ್‌ನ ಆ ರೇಷ್ಮೆಯ ಮೇಲೆ ಬೆಂಕಿ ಬಿದ್ದ ಜಾಗಕ್ಕೆ ಕೈ ತಲುಪುತ್ತಿತ್ತು, ಬಟ್ಟೆ ಹಿಡಿದವರು ಪಕ್ಕದಲ್ಲೇ ನಿಂತಿದ್ದರು. ಬೆಟ್ಟದ ನೆತ್ತಿಯ ಮೇಲೆ ಯಾರು ನಿಂತು ಎಷ್ಟು ಕಿಡಿ ಒತ್ತಿಯಾರು? ಬಾಡುವ ಪಿಯೋನಿಯನ್ನು ಅಷ್ಟು ತಾಳ್ಮೆಯಿಂದ ನೋಡಿದವರು ಆ ಹುಲ್ಲನ್ನೂ ನೋಡಬೇಕಿತ್ತು. ಹಾಗಂತ ಆ ಪಿಯೋನಿ ಸುಳ್ಳಾಗುವುದಿಲ್ಲ. ಎರಡೂ ಅವರದೇ ಕೆಲಸ.

ಮಾವನಿಗೆ ಸಮಾಧಾನವಾಗಲಿ ಅಂತ ಇವಾಕಿಯ ವಿಷಯ ಹೇಳಿದೆ. ನಿಜ ಹೇಳಬೇಕೆಂದರೆ ತ್ಸಾಯ್ ಅವರ ಬದುಕಿನಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದದ್ದು ಅದೇ. ಇವಾಕಿ ಜಪಾನಿನ ಫುಕುಶಿಮಾ ಪ್ರಾಂತ್ಯದ ಕಡಲೂರು. 1994ರಲ್ಲಿ ಅಲ್ಲಿನ ಜನ ಅವರ ಜೊತೆ ಸೇರಿ ಸಮುದ್ರದ ಮೇಲೆ 5,000 ಮೀಟರ್ ಬತ್ತಿ ಎಳೆದು, ರಾತ್ರಿ ಹೊತ್ತಿ ಉರಿಯುವ ಒಂದು ಗೆರೆ ಮೂಡಿಸಿದ್ದರು. ಅದು ಕಾಣಲಿ ಅಂತ ಊರವರು ಮನೆಯ ದೀಪ ಆರಿಸಿದ್ದರು. 2011ರಲ್ಲಿ ಸುನಾಮಿ ಬಂತು, ಅಣುಸ್ಥಾವರದ ದುರಂತ ಆಯಿತು. ಆಮೇಲೆ ಅದೇ ಗೆಳೆಯರು ಗುಡ್ಡಗಳ ಮೇಲೆ 99,000 ಚೆರಿ ಗಿಡ ನೆಡುವ ಕೆಲಸ ಹಿಡಿದರು. ತ್ಸಾಯ್ ಜೊತೆಗೆ ನಿಂತರು. ಅಲ್ಲೇ ಗುಡ್ಡದಲ್ಲಿ ಒಂದು ಪುಟ್ಟ ಬಯಲು ಮ್ಯೂಸಿಯಂ ಕೂಡ ಎದ್ದಿದೆ. 2023ರ ಜೂನ್‌ನಲ್ಲಿ ಅದೇ ಊರಿನ ಕಡಲ ತೀರದಲ್ಲಿ ಹಗಲು ಹೊತ್ತು ಹೊಗೆಯಲ್ಲೇ ಚೆರಿ ಹೂ ಅರಳಿಸಿದರು.

ಮಾವ ಹೊಗೆಯ ಹೂವಿನ ಬಗ್ಗೆ ಏನೂ ಕೇಳಲಿಲ್ಲ. ಗಿಡದ ಬಗ್ಗೆ ಕೇಳಿದರು. ಎಷ್ಟು ಅಂತರಕ್ಕೆ ನೆಡುತ್ತಾರೆ, ಜಿಂಕೆ ತಿನ್ನುವುದಿಲ್ಲವಾ, ಇಳಿಜಾರಿನಲ್ಲಿ ಮಣ್ಣು ನಿಲ್ಲೋಕೆ ಏನು ಮಾಡಿದ್ದಾರೆ, ಎಷ್ಟು ಬದುಕಿವೆ. ನನ್ನ ಹತ್ತಿರ ಉತ್ತರ ಇರಲಿಲ್ಲ. "ವಿಚಾರಿಸಿ ಹೇಳು, ನಮ್ಮ ಕಡೆ ಜಾರಿದ ಗುಡ್ಡಕ್ಕೆ ಆಗುತ್ತಾ ನೋಡೋಣ" ಅಂದಿದ್ದಾರೆ. ಜಪಾನಿನಲ್ಲಿ ಇರುವ ಕೊಡಗಿನವರು ಇದನ್ನು ಓದುತ್ತಿದ್ದರೆ ದಯವಿಟ್ಟು ಒಂದು ಸಲ ಹೋಗಿ ಬನ್ನಿ. ಟೋಕಿಯೋದಿಂದ ಇವಾಕಿಗೆ ಎಕ್ಸ್‌ಪ್ರೆಸ್ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಚೆರಿ ಹೂ ಬಿಡುವ ಕಾಲಕ್ಕೆ ಹೋದರೆ ಇನ್ನೂ ಒಳ್ಳೆಯದು. ಗಿಡ ನೆಡುವವರನ್ನು ಮಾತಾಡಿಸಿ, ಮಾವನ ಪ್ರಶ್ನೆಗಳನ್ನು ಕೇಳಿ, ನನಗೆ ಬರೆಯಿರಿ.