ಗರಗಸ ಮೊದಲು, ಅ ಆ ಇ ಈ ಆಮೇಲೆ

ಒಂದನೇ ತರಗತಿಯ ನಮ್ಮ ಮೇಷ್ಟ್ರು ಈ ವರ್ಷ ತೀರಿಕೊಂಡರು. ಶಾಲೆಯ ಸಂಚಿಕೆಗೆ ಅವರ ಬಗ್ಗೆ ಬರೆಯಬೇಕೆಂದು ಕೇಳಿದಾಗ ಅವರ ಸರಳತೆ, ಶಿಸ್ತು, ಬಿಳಿ ಪಂಚೆಗಳ ಬಗ್ಗೆ ಬೇರೆಯವರು ಬರೆಯುತ್ತಾರೆ ಎನಿಸಿತು. ಅವರು ಅಕ್ಷರ ಕಲಿಸುತ್ತಿದ್ದ ಬಗೆಯನ್ನು ಮಾತ್ರ ಯಾರಾದರೂ ಸರಿಯಾಗಿ ದಾಖಲಿಸಬೇಕು. ಆ ತರಗತಿಯಲ್ಲಿ ಓದಿದ ಪಾಠಗಳಲ್ಲಿ ಒಂದೂ ನೆನಪಿಲ್ಲ. ಅಕ್ಷರ ಕೂಡಿಸಿದ ಕ್ರಮ ಮಾತ್ರ ಹಾಗೇ ಉಳಿದಿದೆ.

ಅಕ್ಷರ ಗುರುತಿಸುವುದು ಒಂದು ಕೆಲಸ, ಅಕ್ಷರಗಳ ಸಾಲು ತಿಳಿಯುವುದು ಇನ್ನೊಂದು ಕೆಲಸ ಎಂದು ಅವರು ನಂಬಿದ್ದರು. ಎರಡನ್ನೂ ಒಂದೇ ದಿನ ಮಗುವಿನ ಮೇಲೆ ಹೇರುತ್ತಿರಲಿಲ್ಲ. ಮೊದಲು ಬರುತ್ತಿದ್ದದ್ದು ರ, ಗ, ಸ, ದ, ಅ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಎಂಬ ಕಲಿಕೆಯ ಪದ್ಧತಿಯಿಂದ ಈ ಐದಕ್ಷರ ಈಗ ಎಷ್ಟೋ ಮನೆಗಳಿಗೆ ಪರಿಚಿತ. ಅ ಒಂದನ್ನು ಬಿಟ್ಟರೆ ಉಳಿದ ನಾಲ್ಕೂ ದುಂಡನೆಯ ಒಡಲಿನ, ತಲೆಕಟ್ಟಿರುವ ಅಕ್ಷರಗಳು. ಗುಣಿತವೂ ಒತ್ತಕ್ಷರವೂ ಇಲ್ಲದೆ ಇವುಗಳಿಂದಲೇ ಸರ, ದರ, ಅರಸ, ಅಗಸ, ಗರಗಸ ಹುಟ್ಟುತ್ತವೆ. ಮುಂದೆ ಜ, ವ, ಮ, ಬ, ನ ಸೇರಿದರೆ ‘ಅರಸನ ಮಗ ಬಸವ’ ಎಂದು ಇಡೀ ಸಾಲನ್ನೇ ಓದಬಹುದು. ಅ ಆ ಇ ಈ ಎಂದು ಶುರು ಮಾಡಿದ ಮಗುವಿಗೆ ಹತ್ತು ಅಕ್ಷರ ಬಂದರೂ ‘ಆ’, ‘ಈ’ಯಂಥ ಒಂಟಿ ಅಕ್ಷರ ಬಿಟ್ಟರೆ ಓದಲು ಒಂದು ಮಾತೂ ಸಿಗುವುದಿಲ್ಲ. ಸ್ವರಗಳ ಮೂಲರೂಪ ಬರುವುದು ಹೆಚ್ಚಾಗಿ ಪದದ ಮೊದಲಲ್ಲಿ ಮಾತ್ರ.

ಬರೆಸುವ ಮೊದಲು ಮರಳಿನ ತಟ್ಟೆ. ಒಂದು ಅಂಗುಲಕ್ಕಿಂತ ಕಡಿಮೆ ದಪ್ಪ ಮರಳು, ಅದೂ ಒಣಗಿದ್ದು. ಹೆಚ್ಚಾದರೆ ಗೆರೆ ಕುಸಿಯುತ್ತದೆ. ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ದೊಡ್ಡ ಅಕ್ಷರಕ್ಕೆ ಹುಣಸೆ ಬೀಜ ಜೋಡಿಸುವುದು. ಸ್ಲೇಟು, ಬಳಪ ಬರುತ್ತಿದ್ದದ್ದು ಕೊನೆಗೆ. ಮೊದಲು ಒಡಲು, ಆಮೇಲೆ ತಲೆಕಟ್ಟು ಎಂಬ ನಿಯಮವನ್ನು ಮೇಷ್ಟ್ರು ಒಂದು ದಿನವೂ ಸಡಿಲಿಸಲಿಲ್ಲ. ಅದರ ಕಾರಣ ಗುಣಿತ ಬಂದಾಗ ತಿಳಿಯುತ್ತದೆ. ಗ ಎಂಬುದು ಗಿ ಆಗುವಾಗ, ಗೆ ಆಗುವಾಗ ತಲೆಕಟ್ಟು ಹೋಗಿ ಆ ಜಾಗಕ್ಕೆ ಗುಡಿಸೋ ಏತ್ವವೋ ಬರಬೇಕು. ತಲೆಕಟ್ಟು ಬೇರೆಯದೇ ಒಂದು ಭಾಗ ಎಂದು ಕಾಣದ ಮಗು ಅದನ್ನೂ ಉಳಿಸಿಕೊಂಡು ಅದರ ಮೇಲೆ ಗುಡಿಸು ಕೂರಿಸುತ್ತದೆ. ಇಂದಿನ ಮಕ್ಕಳ ನೋಟುಪುಸ್ತಕದಲ್ಲಿ ಈ ತಪ್ಪನ್ನು ಮತ್ತೆ ಮತ್ತೆ ನೋಡುತ್ತೇನೆ.

ಕೊಂಬಿನಲ್ಲೂ ಹೀಗೊಂದು ತೊಡಕಿದೆ. ಕು, ಗು, ನು ಎಲ್ಲಕ್ಕೂ ಕೊಂಬು ಬಲಗಡೆ. ಪು, ಫು, ವು ಮಾತ್ರ ಕೆಳಗಿನಿಂದ. ವ ಅಕ್ಷರದ ಬಲಕ್ಕೆ ಕೊಂಬು ಹಾಕಿದರೆ ಅದು ಮ ಆಗಿಬಿಡುತ್ತದೆ. ಮೇಷ್ಟ್ರು ಅದನ್ನು ಹಲಗೆಯ ಮೇಲೆ ಬರೆದೇ ತೋರಿಸುತ್ತಿದ್ದರು. ಒಮ್ಮೆ ಕಂಡವರು ಮರೆಯುತ್ತಿರಲಿಲ್ಲ. ಒಂದನ್ನೊಂದು ಹೋಲುವ ಅಕ್ಷರಗಳನ್ನು ಅವರು ಒಟ್ಟಿಗೆ ಕಲಿಸಿದವರಲ್ಲ. ರ ಚೆನ್ನಾಗಿ ಕುಳಿತು ವಾರಗಳಾದ ಮೇಲೆ ನಡುವೆ ಚುಕ್ಕಿಯಿಟ್ಟು ಠ. ದ ಗಟ್ಟಿಯಾದ ಮೇಲೆ ಕೆಳಗೆ ಸೀಳಿ ಧ. ಜೋಡಿಯಾಗಿ ಒಂದೇ ದಿನ ಕಲಿಸಿದರೆ ಚುಕ್ಕಿ ಯಾವುದಕ್ಕೆ, ಸೀಳು ಯಾವುದಕ್ಕೆ ಎಂಬ ಗೊಂದಲ ಮೂರನೇ ತರಗತಿಯವರೆಗೂ ಉಳಿಯುತ್ತದೆ.

ಸಾಲಿನ ಪಾಠ ಶುರುವಾಗುತ್ತಿದ್ದದ್ದು ಓದಲು ಬಂದ ಮೇಲೆ. 13 ಸ್ವರ, 2 ಯೋಗವಾಹ, 25 ವರ್ಗೀಯ, 9 ಅವರ್ಗೀಯ, ಒಟ್ಟು 49 ರಟ್ಟಿನ ಚೀಟಿಗಳು ಒಂದು ಬಿಸ್ಕತ್ತು ಡಬ್ಬಿಯಲ್ಲಿದ್ದವು. ಐದೈದರಂತೆ ವರ್ಗೀಯ ವ್ಯಂಜನ ಜೋಡಿಸಿ, ಸಾಲುಸಾಲಾಗಿ ಬಾಯಲ್ಲಿ ಆಡಿಸುತ್ತಿದ್ದರು. ಕ ಗಂಟಲ ಹತ್ತಿರ, ಚ ಅಂಗುಳಲ್ಲಿ, ಟ ನಾಲಿಗೆ ಮೇಲಕ್ಕೆ ಮಡಚಿ, ತ ಹಲ್ಲಿಗೆ ತಾಗಿ, ಪ ತುಟಿಯಲ್ಲಿ. ಒಳಗಿನಿಂದ ಹೊರಕ್ಕೆ ಬರುವ ಈ ದಾರಿಯನ್ನು ಕಂಠಪಾಠವಿಲ್ಲದೆಯೇ ಮಗು ಕಂಡುಕೊಳ್ಳುತ್ತದೆ. ಮಹಾಪ್ರಾಣಕ್ಕೆ ಬಾಯಿಯ ಮುಂದೆ ತೆಳುಕಾಗದದ ಪಟ್ಟಿ: ಪ ಎಂದಾಗ ಅಷ್ಟಾಗಿ ಅಲುಗದ್ದು ಫ ಎಂದಾಗ ಹಾರುತ್ತದೆ. ಕೊನೆಯ ಅನುನಾಸಿಕಕ್ಕೆ ಮೂಗು ಹಿಡಿದು ‘ಮ್’ ಎನ್ನಿಸುತ್ತಿದ್ದರು, ದನಿ ನಿಂತುಹೋಗುತ್ತಿತ್ತು, ಇಡೀ ತರಗತಿ ನಗುತ್ತಿತ್ತು.

ಒಂದು ಮಧ್ಯಾಹ್ನ ಹುಡುಗರು ಸೇರಿ ಡಬ್ಬಿಯ ಚೀಟಿಗಳನ್ನೆಲ್ಲ ಕಲಸಿ, ಒಂದನ್ನು ಬಚ್ಚಿಟ್ಟಿದ್ದರು. ಮೇಷ್ಟ್ರು ಬೈಯಲಿಲ್ಲ, ‘ಜೋಡಿಸ್ರಪ್ಪಾ’ ಎಂದರು. ಐದು ಸಾಲು ಹಾಸಿದಾಗ ಟ, ಠ, ಡ ಆದ ಮೇಲೆ ಹಲ್ಲು ಬಿದ್ದಂತೆ ಒಂದು ಜಾಗ ಖಾಲಿ. ಕದ್ದದ್ದು ಢ ಎಂದು ಎಲ್ಲರಿಗೂ ಗೊತ್ತಾಯಿತು! ಮಾರನೆಯ ದಿನದಿಂದ ಅದೇ ಆಟ: ಒಬ್ಬ ಕಣ್ಣು ಮುಚ್ಚಬೇಕು, ಇನ್ನೊಬ್ಬ ಒಂದು ಚೀಟಿ ತೆಗೆಯಬೇಕು. ರಾಗವಾಗಿ ಹಾಡಿ ಕಲಿತ ಮಗುವಿಗೆ ‘ಮ ಆದ ಮೇಲೆ ಏನು?’ ಎಂದರೆ ಅ ಇಂದ ಮತ್ತೆ ಹಾಡಬೇಕಾಗುತ್ತದೆ. ಈ ಆಟ ಆಡಿದವರು ಎಲ್ಲಿಂದ ಬೇಕಾದರೂ ಹಿಡಿಯುತ್ತಿದ್ದರು.

ನಿಘಂಟಿನ ಅಕಾರಾದಿಯನ್ನು ಹೇಳಿಕೊಟ್ಟವರೂ ಅವರೇ, ನಾಲ್ಕನೇ ತರಗತಿಗೆ ಬಂದಾಗ. ಕಾಗುಣಿತದಲ್ಲಿ ಕಂ ಬರುವುದು ಕೌ ಆದ ಮೇಲೆ. ನಿಘಂಟಿನಲ್ಲಿ ಅದು ಎಲ್ಲಕ್ಕಿಂತ ಮೊದಲು. ಹಾಗಾಗಿ ಕಂಬ, ಕಮಲ, ಕಾಗೆ, ಕಿವಿ. ಒತ್ತಕ್ಷರಕ್ಕೆ ಕೊನೆಯ ಸರದಿ: ಅಕಾಲ ಮುಗಿದ ಮೇಲೆಯೇ ಅಕ್ಕ, ಕತೆಯಾದ ಮೇಲೆ ಕತ್ತೆ. ಅರ್ಕಾವತ್ತನ್ನು ನಾವು ಬರೆಯುವುದು ಆಮೇಲಾದರೂ ಉಚ್ಚರಿಸುವುದು ಮೊದಲು, ಆದ್ದರಿಂದ ‘ವರ್ಷ’ವನ್ನು ವ, ರ ಎಂದು ಹುಡುಕಬೇಕು. ವ, ಷ ಎಂದು ಹೋದರೆ ಸಿಗುವುದಿಲ್ಲ. ಗೋಡೆಯ ಪಟದಲ್ಲಿ ಳ ಆದ ಮೇಲೆ ಕ್ಷ, ಜ್ಞ ಬರೆದಿರುತ್ತಾರೆ. ಮಕ್ಕಳು ನಿಘಂಟಿನ ಕೊನೆಗೆ ಹೋಗಿ ಕ್ಷಮೆ ಹುಡುಕಿ ಸೋಲುತ್ತಾರೆ. ಅದಿರುವುದು ಕ ಭಾಗದಲ್ಲಿ. ಳ ಅಕ್ಷರವನ್ನು ಲ ಪಕ್ಕ ಇಡಬೇಕೆನಿಸುತ್ತದೆ, ಆದರೆ ಅದು ಹ ಆದ ಮೇಲೆ: ಬಲೆ, ಬಸವ, ಬಳೆ. ನಮ್ಮ ಹಳೇ ಮೈಸೂರು ಸೀಮೆಯ ಇನ್ನೊಂದು ಕಷ್ಟವೂ ಅವರಿಗೆ ಗೊತ್ತಿತ್ತು. ಹಾಲನ್ನು ‘ಆಲು’ ಎನ್ನುವ ಮನೆಯ ಮಗು ಅದನ್ನು ‘ಆ’ ಅಕ್ಷರದಲ್ಲೇ ಹುಡುಕುತ್ತದೆ. ಅದರ ಮಾತನ್ನು ಅವರು ಹಂಗಿಸಲಿಲ್ಲ, ‘ಪುಸ್ತಕದಾಗೆ ಹ ನೋಡಪ್ಪ’ ಎಂದಷ್ಟೇ ಹೇಳುತ್ತಿದ್ದರು.

ಪುಸ್ತಕಗಳ ಕೊನೆಗೆ ಪದಸೂಚಿ ತಯಾರಿಸುವುದು ಈಗ ನನ್ನ ವೃತ್ತಿ. ನಾನು ಜೋಡಿಸಿದ ಸೂಚಿಯನ್ನು ಪ್ರಕಾಶಕರು ಮತ್ತೊಬ್ಬರಿಗೆ ತೋರಿಸುವುದಿಲ್ಲ. ಆ ಹೆಮ್ಮೆ ನನಗಿದೆ, ಅದರ ಪಾಲು ಮೇಷ್ಟ್ರದ್ದು. ಈಗಿನ ಮಕ್ಕಳಿಗೆ ನಾಲ್ಕು ವರ್ಷಕ್ಕೇ ಚುಕ್ಕಿ ಗೆರೆಯ ಮೇಲೆ ಅ ಇಂದ ಳ ವರೆಗೆ ಬರೆಸುವುದನ್ನು ಕಂಡಾಗ ಬೇಸರವಾಗುತ್ತದೆ. ಬೆರಳು ಇನ್ನೂ ಬಲಿತಿರುವುದಿಲ್ಲ. ಙ, ಞ ಅಕ್ಷರಗಳಿಂದ ಶುರುವಾಗುವ ಒಂದು ಪದವೂ ಮಗುವಿನ ಬಾಯಲ್ಲಿಲ್ಲ, ಆದರೂ ಅವನ್ನು ಪುಟಗಟ್ಟಲೆ ತಿದ್ದಬೇಕು. ಣ, ಳ ಕಲಿಸಲು ಹಣ, ಬಳೆ, ಕೋಳಿ ಸಾಕಲ್ಲವೇ?

ಅವರಲ್ಲಿ ಓದಿದ ನಮ್ಮ ತಂಡದವರು ಶಾಲೆಯ ಕೆಳಗಿನ ತರಗತಿಗಳಿಗೆ ಅಂಥದೇ ಚೀಟಿಗಳನ್ನು ಮಾಡಿಕೊಡಲಿದ್ದೇವೆ. ಹಳೆಯ ಮದುವೆ ಕಾಗದದ ರಟ್ಟು ಸಾಕು. ಅಂಗೈಯಗಲ, ಸ್ವರಕ್ಕೆ ಕೆಂಪು, ವ್ಯಂಜನಕ್ಕೆ ನೀಲಿ, ತಲೆ ಯಾವ ಕಡೆ ಎಂದು ತಿಳಿಯಲು ಮೇಲಿನ ಬಲಮೂಲೆ ಕತ್ತರಿಸಿದ್ದು. ಸಾಲು ಜೋಡಿಸಲು ಒಂದೊಂದು ಅಕ್ಷರ ಸಾಕಾದರೂ ಪದ ಕಟ್ಟಲು ರ, ಗ, ಸ, ದ, ನ ಮೂರು ಮೂರು ಬೇಕು. ಗರಗಸಕ್ಕೇ ಎರಡು ಗ ಖರ್ಚಾಗುತ್ತವೆ.