ಹೊತ್ತು ಕಂತಿದ ಮೇಲೆ ಕಡಲಿಗೆ

ಅಕ್ಕನ ಮಗಳಿಗೆ ಈಗ ಏಳು ವರ್ಷ. ಮನೆ ಇರೋದು ಕಾರವಾರದಲ್ಲಿ, ಕಡಲಿಗೆ ಹತ್ತು ನಿಮಿಷದ ದಾರಿ. ಆದರೂ ನಾವು ಹೊರಡುವುದು ಹೊತ್ತು ಕಂತಿ ಪೂರ್ತಿ ಕತ್ತಲಾದ ಮೇಲೆ, ಉಳಿದವರು ಚಪ್ಪಲಿಯ ಮರಳು ಕೊಡವಿಕೊಂಡು ವಾಪಸ್ ಹೋಗುವಾಗ.

ಎರಡು ವರ್ಷ ತುಂಬುವ ಮೊದಲೇ ಅವಳ ಮುಖದಲ್ಲಿ ಎಳ್ಳು ಚೆಲ್ಲಿದ ಹಾಗೆ ಕಂದು ಚುಕ್ಕಿಗಳು ಎದ್ದಿದ್ದವು. ಬಿಸಿಲಿಗೆ ಚರ್ಮ ಸುಟ್ಟಿದ್ದರೆ ಯಾರಿಗಾದರೂ ಅನುಮಾನ ಬರುತ್ತಿತ್ತೇನೋ, ಅದೂ ಇಲ್ಲ. ಮೊದಲು ನೋಡಿದ ಡಾಕ್ಟರು ಅಲರ್ಜಿ ಅಂತ ಒಂದು ವರ್ಷ ಮುಲಾಮು ಹಚ್ಚಿಸಿದರು. ಓಣಿಯವರು, ಬಸುರಿಯಲ್ಲಿ ಗ್ರಹಣ ನೋಡಿದ್ದಾಳೆ ಅಂತ ಅಕ್ಕನ ಮೇಲೇ ಹಾಕಿದರು.

ಕೊನೆಗೆ ರಕ್ತದ ಪರೀಕ್ಷೆಯಲ್ಲಿ ಗೊತ್ತಾಯಿತು. ಕ್ಸೀರೋಡರ್ಮಾ ಪಿಗ್ಮೆಂಟೋಸಮ್, ಬಿಸಿಲು ತಾಳದ, ಹುಟ್ಟಿನಿಂದಲೇ ಬರುವ ಕಾಯಿಲೆ. ಕೆಟ್ಟಿರುವ ಜೀನ್ ಎಕ್ಸ್‌ಪಿಸಿ, 3ನೇ ಕ್ರೋಮೋಸೋಮಿನಲ್ಲಿ ಇರುವಂಥದ್ದು.

ಬಿಸಿಲಿನ ನೇರಳಾತೀತ (ಯುವಿ) ಕಿರಣ ಎಲ್ಲರ ಡಿಎನ್‌ಎಯನ್ನೂ ಕೆಡಿಸುತ್ತದೆ, ನಿಮ್ಮದನ್ನೂ ನನ್ನದನ್ನೂ. ಅದರ ಎಳೆಯಲ್ಲಿ ಅಕ್ಷರಗಳ ಹಾಗೆ ಸಾಲಾಗಿರುವ ರಾಸಾಯನಿಕ ತುಣುಕುಗಳಲ್ಲಿ ಅಕ್ಕಪಕ್ಕದ ಎರಡು ಅಂಟಿಕೊಂಡು ಎಳೆ ಉಬ್ಬುತ್ತದೆ. ಬಂದರಿನಲ್ಲಿ ಬಲೆ ಹೊಲಿಯುವವರನ್ನು ನೋಡಿದ್ದೀರಲ್ವಾ? ಮಾತಾಡುತ್ತಲೇ ಬಲೆಯನ್ನು ಬೆರಳ ಸಂದಿಯಲ್ಲಿ ಎಳೆಯುತ್ತಾ ಹೋಗುತ್ತಾರೆ, ಹರಿದ ಕಡೆ ಕೈ ತಾನಾಗಿ ನಿಲ್ಲುತ್ತದೆ. ಎಕ್ಸ್‌ಪಿಸಿ ಜೀನ್ ಮಾಡಿಸುವ ಪ್ರೋಟೀನ್ ಆ ಬೆರಳು. ಅದು ನಿಂತ ಜಾಗಕ್ಕೆ ಬೇರೆ ಪ್ರೋಟೀನ್‌ಗಳು ಬಂದು ಸುಮಾರು 30 ಅಕ್ಷರದಷ್ಟು ತುಂಡು ಕತ್ತರಿಸಿ, ಎದುರಿನ ಎಳೆ ನೋಡಿ ಹೊಸದು ತುಂಬುತ್ತವೆ. ಈ ರೋಗದಲ್ಲಿ ಡಿಎನ್‌ಎ ರಿಪೇರಿಯೇ ಸರಿಯಾಗಿ ನಡೆಯುವುದಿಲ್ಲ ಅಂತ 1968ರಲ್ಲಿ ತೋರಿಸಿದ್ದು ವಿಜ್ಞಾನಿ ಜೇಮ್ಸ್ ಕ್ಲೀವರ್. ರಿಪೇರಿ ಆಗದ ತಪ್ಪುಗಳು ಕೂಡುತ್ತಾ ಹೋಗಿ ಚರ್ಮದ ಕ್ಯಾನ್ಸರ್ ಆಗುತ್ತದೆ, ಅದೂ ಚಿಕ್ಕ ವಯಸ್ಸಿನಲ್ಲೇ.

ಇನ್ನು ಗ್ರಹಣದ ವಿಷಯ. ಭಾವ ನಮ್ಮ ಸೋದರಮಾವನ ಮಗ. ಆ ಜೀನಿನ ಕೆಟ್ಟ ಪ್ರತಿ ಅಕ್ಕನಲ್ಲೂ ಒಂದಿತ್ತು, ಭಾವನಲ್ಲೂ ಒಂದಿತ್ತು. ಒಂದೇ ಇದ್ದರೆ ಏನೂ ಆಗುವುದಿಲ್ಲ, ಎರಡೂ ಬಂದರೆ ಮಾತ್ರ ರೋಗ. ಪ್ರತಿ ಬಸಿರಿನಲ್ಲೂ 4ರಲ್ಲಿ 1 ಸಲದ ಸಾಧ್ಯತೆ. ಅಂದರೆ ಇದು ಅಪ್ಪ ಅಮ್ಮ ಇಬ್ಬರಿಂದಲೂ ಬಂದದ್ದು, ಆದರೆ ಬೈಸಿಕೊಂಡವಳು ಅಕ್ಕ ಒಬ್ಬಳೇ. ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಈಗ ಕಿಟಕಿಗಳಿಗೆಲ್ಲ ಯುವಿ ಫಿಲ್ಮ್ ಅಂಟಿಸಿದ್ದೇವೆ. ವಿಟಮಿನ್ ಡಿ ಮಾತ್ರೆ ಕೊಡುತ್ತೇವೆ, ಆಗಾಗ ಚರ್ಮದ ತಪಾಸಣೆ ಮಾಡಿಸುತ್ತೇವೆ. ಜೂನ್ ಬಂತೆಂದರೆ, ಮಳೆಗಾಲದಲ್ಲಿ ಬಿಸಿಲೆಲ್ಲಿದೆ, ಸುಮ್ನೆ ಆಡೋಕೆ ಬಿಡಿ ಅನ್ನುತ್ತಾರೆ. ಮೋಡ ದಾಟಿಯೂ ಆ ಕಿರಣ ಬರುತ್ತದೆ ಮಾರಾಯರೇ.

ನಿನ್ನೆ ರಾತ್ರಿ ಅವಳು ಏಡಿ ಬಿಲದೊಳಗೆ ಟಾರ್ಚ್ ಬಿಟ್ಟು ಮಂಡಿಯೂರಿ ಕೂತಿದ್ದಳು. ಏಡಿ ಹೊರಗೆ ಬರಲಿಲ್ಲ. ಬೆಳಕಿಗೆ ಹೆದರಿದೆ, ಟಾರ್ಚ್ ಆರಿಸು ಮಾಮಾ ಅಂದಳು.